ಪೈಪ್ ತೆಗೆದ ಮೇಲಿನ ದಿನಗಳ ಬಗ್ಗೆಯೂ ಬರೆಯಿರಿ

ದೊಡ್ಡದಾಗಿ ಮೂತ್ರಕ್ಕೆ ಅಡ್ಡವಾಗುವ ಪ್ರಾಸ್ಟೇಟ್ ಗ್ರಂಥಿಗೆ ಲೇಸರ್ ಆಪರೇಶನ್ ಮಾಡಿಸಿದರೆ ಎರಡು ದಿನದಲ್ಲಿ ಮನೆಗೆ, ಆಮೇಲೆ ಏನೂ ತೊಂದರೆಯಿಲ್ಲ ಎಂದು ನಿಮ್ಮ ಲೇಖನದಲ್ಲಿದೆ. ಮೊದಲರ್ಧ ನಿಜ. ನಮ್ಮಪ್ಪ ರಾತ್ರಿ ಐದಾರು ಸಲ ಎದ್ದು, ಗೋಡೆಗೆ ಕೈಯೂರಿ ನಿಂತು, ಹನಿಹನಿ ಮೂತ್ರಕ್ಕೆ ಕಾಯುತ್ತಿದ್ದರು. ಆ ಕಷ್ಟ ಈಗಿಲ್ಲ.

ಆದರೆ 'ಲೇಸರ್' ಎಂದು ಎಲ್ಲವನ್ನೂ ಒಂದೇ ಮಾಡಬೇಡಿ. ಹೋಲ್ಮಿಯಂ ಲೇಸರ್‌ನಲ್ಲಿ ಹೊಟ್ಟೆ ಕೊಯ್ಯುವುದಿಲ್ಲ. ಮೂತ್ರನಾಳದಿಂದಲೇ ಒಳಹೋಗಿ, ಸಿಪ್ಪೆಯಿಂದ ಕಿತ್ತಳೆ ತೊಳೆ ಬಿಡಿಸಿದ ಹಾಗೆ ಬೆಳೆದ ಭಾಗವನ್ನು ಬಿಡಿಸಿ, ಮೂತ್ರಕೋಶಕ್ಕೆ ತಳ್ಳಿ, ಅಲ್ಲಿ ಚೂರು ಮಾಡಿ ಹೀರಿ ತೆಗೆಯುತ್ತಾರೆ. ಗ್ರಂಥಿ ತುಂಬ ದೊಡ್ಡದಿದ್ದರೂ ಆಗುತ್ತದೆ. ಆ ಚೂರುಗಳು ಕ್ಯಾನ್ಸರ್ ಇದೆಯೇ ಎಂದು ನೋಡಲು ಲ್ಯಾಬ್‌ಗೆ ಹೋಗುತ್ತವೆ. ಗ್ರೀನ್‌ಲೈಟ್ ಲೇಸರ್‌ನಲ್ಲಿ ಗ್ರಂಥಿಯ ಭಾಗ ಆವಿಯಾಗಿ ಹೋಗುತ್ತದೆ, ಸಾಮಾನ್ಯವಾಗಿ ಪರೀಕ್ಷೆಗೆ ಚೂರು ಸಿಗುವುದಿಲ್ಲ.

ಆಪರೇಶನ್ ಆದ ಮೇಲೆ ಮೂತ್ರ ಹೋಗಲು ಹಾಕಿದ್ದ ಪೈಪ್ ತೆಗೆದ ದಿನ ಅಪ್ಪ ಖುಷಿಯಿಂದ ಕುರ್ಚಿಯಿಂದ ಎದ್ದರು, ಪಂಚೆ ಒದ್ದೆಯಾಯಿತು. ಅವರ ಮುಖ ನೋಡಲಾಗಲಿಲ್ಲ. ಕೆಮ್ಮಿದರೆ, ಎದ್ದರೆ ಸೋರುವುದು ಕೆಲವು ವಾರ ಸಹಜ, ಬಹುಪಾಲು ಜನರಿಗೆ ತಾನಾಗಿ ನಿಲ್ಲುತ್ತದೆ, ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ನೆರವಾಗುತ್ತದೆ ಎಂದು ಮೊದಲೇ ಯಾರಾದರೂ ಹೇಳಿದ್ದರೆ ಅಷ್ಟು ಕುಗ್ಗುತ್ತಿರಲಿಲ್ಲ. ಅಪ್ಪನಿಗೆ ಎರಡು ತಿಂಗಳಲ್ಲಿ ಪೂರ್ತಿ ನಿಂತಿತು.

ಇನ್ನೊಂದು ವಿಷಯ, ಇದನ್ನು ಕೇಳಲು ಗಂಡಸರು ನಾಚುತ್ತಾರೆ. ಈ ಆಪರೇಶನ್ ಆದ ಹೆಚ್ಚಿನವರಲ್ಲಿ ವೀರ್ಯ ಹೊರಬರದೆ ಮೂತ್ರಕೋಶಕ್ಕೆ ಹೋಗುತ್ತದೆ. ಅಪಾಯವಿಲ್ಲ, ಆದರೆ ಮಕ್ಕಳು ಬೇಕೆನ್ನುವವರಿಗೆ ಇದು ದೊಡ್ಡ ವಿಷಯ. ಸಹಿ ಹಾಕುವ ಮೊದಲೇ ಕೇಳಿಕೊಳ್ಳಿ. ಗ್ರಂಥಿಯ ಹೊರಭಾಗ ಒಳಗೇ ಉಳಿಯುವುದರಿಂದ, ಪ್ರಾಸ್ಟೇಟ್ ಕ್ಯಾನ್ಸರ್‌ನ ಸುಳಿವು ನೋಡುವ ಪಿಎಸ್‌ಎ ರಕ್ತಪರೀಕ್ಷೆಯನ್ನು ಯಾವಾಗ ಮಾಡಿಸಬೇಕೆಂದೂ ಡಾಕ್ಟರನ್ನು ಕೇಳಿ.