ತಪ್ಪು ಸಾಲು ತಿದ್ದಿದ್ರೆ ಅದು ಸ್ಪ್ಯಾಮಾ?

ಒಂದು ಓಪನ್ ಸೋರ್ಸ್ ಪ್ರಾಜೆಕ್ಟು, ಅಂದ್ರೆ ಯಾರು ಬೇಕಾದ್ರೂ ಕೋಡ್ ನೋಡಿ ತಿದ್ದಿ ಕಳ್ಸೋ ಥರದ್ದು, ಅದರ ಡಾಕ್ಯುಮೆಂಟೇಶನಲ್ಲಿ (ಬಳಸೋರಿಗೆ ಬರೆದಿಡೋ ವಿವರಣೆ) ಒಂದು ತಪ್ಪು ಸಾಲಿತ್ತು, ಅದನ್ನ ತಿದ್ದಿ ಕಳ್ಸಿದ್ದು ಹನ್ನೊಂದೇ ಸಾಲು ಕಣ್ರೀ. ಅಷ್ಟಕ್ಕೆ ಮೂರು ರಾತ್ರಿ ಕೂತಿದೀನಿ, ಅದ್ರಲ್ಲಿ ಒಂದ್ ರಾತ್ರಿ ಮಳೆಗೆ ಕರೆಂಟ್ ಹೋಗಿ ಮೊಬೈಲ್ ಹಾಟ್‌ಸ್ಪಾಟಲ್ಲಿ ಕಳ್ಸಿದ್ದು. ಎರಡು ವಾರ ಯಾರೂ ತಿರುಗಿ ನೋಡ್ಲಿಲ್ಲ. ಇವತ್ತು ನೋಡಿದಾರೆ.

ಬೆಳಗ್ಗೆ ಲ್ಯಾಬಲ್ಲಿ ಥರ್ಡ್ ಸೆಮ್ ಹುಡುಗ್ರಿಗೆ, ಓಪನ್ ಸೋರ್ಸ್ ಕೆಲ್ಸ ಮಾಡೋಕೆ ಬೆಂಗಳೂರಿಗೇ ಹೋಗ್ಬೇಕಿಲ್ಲ, ಹಾಸನದಲ್ಲಿ ಕೂತೇ ಮಾಡ್ಬೋದು, ನೋಡಿ ನಾನೇ ಡಾಕ್ಯುಮೆಂಟೇಶನ್ ಬರ್ದು ಕಳ್ಸಿದೀನಿ ಅಂತ ಪ್ರೊಜೆಕ್ಟರ್ ಹಾಕಿ ಪುಲ್ ರಿಕ್ವೆಸ್ಟ್, ಅಂದ್ರೆ ಈ ತಿದ್ದುಪಡಿ ಸೇರಿಸ್ಕೊಳ್ಳಿ ಅಂತ ಕಳ್ಸಿದ್ದ ಕೋರಿಕೆ, ತೆಗ್ದೆ. ಮೇಲ್ಗಡೆ ಕೆಂಪಗೆ ಕ್ಲೋಸ್ಡ್. ಪಕ್ಕದಲ್ಲಿ ಸ್ಪ್ಯಾಮ್ ಅಂತ ಲೇಬಲ್. ಯಾಕೆ ಅಂತ ಒಂದು ಪದ ಇಲ್ಲ. ನಾನು ಪೂರ್ತಿ ನೋಡೋಕ್ ಮುಂಚೆ ಮುಂದಿನ ಬೆಂಚಿನ ಹುಡುಗ ಓದ್ಬಿಟ್ಟ, "ಸರ್, ಸ್ಪ್ಯಾಮ್ ಅಂತಿದೆ." ಹಿಂದೆ ಯಾರೋ ಕಿಸಕ್ ಅಂದ್ರು. ಮೌಸ್ ಕೈಯಲ್ಲೇ ಇತ್ತು, ಟ್ಯಾಬ್ ಮುಚ್ಬೇಕು ಅಂತಾನೂ ಹೊಳೀಲಿಲ್ಲ, ಸುಮ್ನೆ ನಿಂತಿದ್ದೆ, ಗೋಡೆ ಮೇಲೆ ನನ್ನ ಹೆಸ್ರು ಪಕ್ಕದಲ್ಲಿ ಆ ಪದ. ಸಂಜೆ ಬಸ್ಸಲ್ಲೂ ಅದೇ ಕಿವೀಲಿ, ಸರ್ ಸ್ಪ್ಯಾಮ್ ಅಂತಿದೆ, ಸರ್ ಸ್ಪ್ಯಾಮ್ ಅಂತಿದೆ.

ನಾನೇನು ಬರೆದಿದ್ದೆ ಗೊತ್ತಾ? ಸ್ಟ್ರಿಂಗಿನ, ಅಂದ್ರೆ ಪ್ರೋಗ್ರಾಮಿಗೆ ಕೊಟ್ಟ ಪದದ, ಉದ್ದ ಕೇಳಿದ್ರೆ ಕಣ್ಣಿಗೆ ಕಾಣೋ ಅಕ್ಷರಗಳ ಲೆಕ್ಕ ಬರುತ್ತೆ ಅಂತ ಆ ಡಾಕ್ಯುಮೆಂಟೇಶನಲ್ಲಿದೆ. ಇಂಗ್ಲಿಷಿಗೆ ಸರಿಹೋಗುತ್ತೆ. "ಹಾಸನ" ಕೊಟ್ಟು ನೋಡಿ, ಕಣ್ಣಿಗೆ ಮೂರು, ಉತ್ತರ 4, ಯಾಕಂದ್ರೆ ಯೂನಿಕೋಡಲ್ಲಿ (ಎಲ್ಲ ಭಾಷೆ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡೋ ಪಟ್ಟಿ) ಹ ಬೇರೆ, ಅದರ ದೀರ್ಘ ಬೇರೆ ಕೋಡ್ ಪಾಯಿಂಟ್, ಅಂದ್ರೆ ಬೇರೆ ಸಂಖ್ಯೆ. ಚಿಕ್ಕಮಗಳೂರು ಅಂದ್ರೆ ನಮಗೆ ಆರಕ್ಷರ, ಕಂಪ್ಯೂಟರ್ ಲೆಕ್ಕಕ್ಕೆ 11. ಇನ್ನು ಹಾಸನವನ್ನ ಹಿಂದುಮುಂದು ಮಾಡಿ, "ನಸಾಹ" ಬರುತ್ತೆ, ಹ ಮೇಲಿದ್ದ ದೀರ್ಘ ಸ ಮೇಲೆ ಹೋಗಿ ಕೂತಿರುತ್ತೆ! ಇದನ್ನ ಉದಾಹರಣೆ ಸಮೇತ ಬರೆದ್ರೆ ಸ್ಪ್ಯಾಮಾ?

ಪ್ರಾಜೆಕ್ಟ್ ನೋಡ್ಕೊಳ್ಳೋರ ಕಷ್ಟಾನೂ ಗೊತ್ತು ನಂಗೆ. 2020ರ ಅಕ್ಟೋಬರಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಅಂತ ಪುಲ್ ರಿಕ್ವೆಸ್ಟ್ ಕಳ್ಸಿದೋರಿಗೆ ಬಹುಮಾನ ಕೊಡೋ ಕಾರ್ಯಕ್ರಮದಲ್ಲಿ ಟೀ ಶರ್ಟಿಗೋಸ್ಕರ ಪ್ರಾಜೆಕ್ಟ್ ಪರಿಚಯದ ರೀಡ್‌ಮೀ ಫೈಲಲ್ಲಿ ಒಂದೊಂದು ಪದ ಸೇರ್ಸಿ ಕಳ್ಸಿದ್ರಲ್ಲ, ಅದ್ರಲ್ಲಿ ನಮ್ ದೇಶದ ಹುಡುಗ್ರೂ ಬೇಕಾದಷ್ಟು ಇದ್ರು. ಸಂಬಳ ಇಲ್ದೆ ರಾತ್ರಿ ಕೂತು ನೋಡೋರು ಅವ್ರು, ಸಾಕಾಗಿರುತ್ತೆ. ಹೋಗ್ಲಿ ಬಿಡಿ.

ಇಲ್ಲ, ಯಾಕ್ ಬಿಡ್ಲಿ? ಓದಿ ಬೇಡ ಅಂದಿದ್ರೆ ಒಪ್ಕೋತಿದ್ದೆ, ಇಂಗ್ಲಿಷ್ ಸರಿಯಿಲ್ಲ ಅಂದಿದ್ರೆ ತಿದ್ತಿದ್ದೆ, ಕನ್ನಡ ಅಕ್ಷರ ಕಂಡ ತಕ್ಷಣ ಕಸ ಅನ್ಕೊಂಡ್ರಾ? ಇನ್ಮೇಲೆ ಒಂದು ಸಾಲೂ ಕಳ್ಸಲ್ಲ ಅಂತ ಲ್ಯಾಪ್‌ಟಾಪ್ ಮುಚ್ಚಿದ್ದೆ, ಊಟ ಆದ್ಮೇಲೆ ಮತ್ತೆ ತೆಗ್ದು ಅದೇ ಹನ್ನೊಂದು ಸಾಲು ತಿದ್ತಾ ಕೂತಿದೀನಿ.

ಕ್ಲಾಸ್ ಮುಗ್ದ ಮೇಲೆ ಅರಸೀಕೆರೆ ಕಡೆಯ ಒಂದ್ ಹುಡ್ಗಿ ಬಂದು ಕೇಳ್ತು, "ಸರ್, ಹಂಗಾದ್ರೆ ಅಲ್ಲಿರೋ ಸಾಲು ಸರೀನಾ ತಪ್ಪಾ?" ತಪ್ಪು ಕಣಮ್ಮ ಅಂದೆ. "ಮತ್ತೆ ಯಾಕ್ ಸರ್ ತೆಗ್ದಿಲ್ಲ?" ಅಂತು. ನಾಳೆ ಹತ್ತು ಗಂಟೆಗೆ ಮತ್ತೆ ಅದೇ ಲ್ಯಾಬು. ಅವ್ಳಿಗೆ ನಾನೇನು ಹೇಳ್ಲಿ, ಯಾರಾದ್ರೂ ಹೇಳ್ರಪ್ಪ.