ಕಾರವಾರದಲ್ಲಿ ಶೆಟ್ಲಿ ತಾಗದ ಊಟ ಕೇಳಿ ನೋಡಿ

ಸಿಟ್ಟು ತಡೆಯಲಾಗದೆ ಬರೆಯುತ್ತಿದ್ದೇನೆ. ನನಗೆ ಸಿಗಡಿ ಆಗುವುದಿಲ್ಲ, ಅಂದರೆ ನಮ್ಮ ಕಡೆಯ ಶೆಟ್ಲಿ. ಏಡಿಯೂ ಅಷ್ಟೇ. ಸುಮ್ನೆ ತುರಿಕೆ ಎದ್ದು ಇಳಿಯುವ ವಿಷಯ ಅಲ್ಲ ಇದು. ತುಟಿ ಊದುತ್ತದೆ, ಗಂಟಲು ಕಟ್ಟುತ್ತದೆ, ಉಸಿರು ಸಿಗುವುದಿಲ್ಲ. ಕೂಡಲೇ ಅಡ್ರಿನಲಿನ್ ಇಂಜೆಕ್ಷನ್ ಬೀಳದಿದ್ದರೆ ಜೀವಕ್ಕೇ ಸಂಚಕಾರ. ಅದೂ ದೊಡ್ಡ ಆಸ್ಪತ್ರೆ ಕೊಡಿ ಅಂತ ಜನ ವರ್ಷಗಟ್ಟಲೆ ಕೂಗುತ್ತಿರುವ ಜಿಲ್ಲೆಯಲ್ಲಿ!

ಇದನ್ನು ಮೀನೂಟದ ಹೋಟೆಲಿನಲ್ಲಿ ಹೇಳಿದರೆ ನಗುತ್ತಾರೆ. "ಮೀನು ತಿಂತೀರಿ, ಶೆಟ್ಲಿ ಆಗಲ್ವಾ ಅಕ್ಕಾ?" ಆಗಲ್ಲ ಮಾರಾಯಾ. ಮೀನೇ ಬೇರೆ, ಶೆಟ್ಲಿಯೇ ಬೇರೆ. ಶೆಟ್ಲಿ, ಏಡಿಗಳಲ್ಲಿ ಟ್ರೋಪೋಮಯೋಸಿನ್ ಅಂತ ಒಂದು ಪ್ರೊಟೀನ್ ಇದೆ. ನನ್ನಂಥ ಹೆಚ್ಚಿನವರ ಮೈಗೆ ಒಗ್ಗದಿರುವುದು ಅದು. ಕುದಿಸಿದರೂ ಕರಿದರೂ ಅದು ಜಗ್ಗುವುದಿಲ್ಲ. "ಗರಿಗರಿ ಹುರಿದು ಕೊಡ್ತೇವೆ ಬಿಡಿ" ಅನ್ನುವವರಿಗೆ ಏನು ಹೇಳಲಿ?

ಕಳೆದ ವಾರ ಅಡುಗೆಮನೆಯ ಕಿಂಡಿ ಪಕ್ಕದಲ್ಲೇ ಜಾಗ ಸಿಕ್ಕಿತ್ತು. ಬಂಗಡೆ ಫ್ರೈ ಹೇಳಿ, ಶೆಟ್ಲಿ ತಾಗಲೇಬಾರದು ಅಂತ ಒತ್ತಿ ಹೇಳಿದ್ದೆ. ಒಳಗೆ ಒಂದೇ ಸ್ಟೀಲ್ ತಟ್ಟೆಯಲ್ಲಿ ರವೆ. ಖಾರ ಮೆತ್ತಿದ ಶೆಟ್ಲಿಯನ್ನು ಅದರಲ್ಲಿ ಹೊರಳಿಸಿ ಕಾವಲಿಗೆ ಬಿಟ್ಟರು. ರವೆ ತುಂಬ ಕೆಂಪು ಗಂಟು. ಆಮೇಲೆ ಅದೇ ಕೈ, ಅದೇ ರವೆಯಲ್ಲಿ ನನ್ನ ಬಂಗಡೆಯನ್ನು ಎರಡೂ ಮಗ್ಗುಲು ಒತ್ತಿ, ಅದೇ ಎಣ್ಣೆಗೆ ಹಾಕಿತು. ಎದ್ದು ಹೋಗಿ ಕೇಳಿದರೆ ಮಾಲೀಕರು, "ಬಂಗಡೆಗೆ ಶೆಟ್ಲಿ ಹಾಕಿಲ್ಲವಲ್ಲ ತಂಗಿ. ಗಂಧೆ ಎದ್ದರೆ ಒಂದು ಲೋಟ ಸೋಲ್‌ಕಡಿ ಕುಡಿ, ಇಳಿಯುತ್ತೆ" ಅಂದರು. ಗಂಟಲೇ ಮುಚ್ಚಿದವಳು ಸೋಲ್‌ಕಡಿ ನುಂಗುವುದು ಹೇಗೆ? ದುಡ್ಡು ಕೊಟ್ಟು, ಹಸಿದುಕೊಂಡೇ ಹೊರಬಿದ್ದೆ. ಸೊಪ್ಪು ತಿನ್ನೋಣ ಅಂದರೆ ಬಸಳೆಗೂ ಒಣ ಶೆಟ್ಲಿ ಉದುರಿಸಿರುತ್ತಾರೆ, "ರುಚಿಗೆ ಸ್ವಲ್ಪ".

ಬೇರೆಯಾಗಿ ಮಾಡಿಕೊಡಲು ಇವರಿಗೆ ಬರುವುದಿಲ್ಲ ಅಂತಲ್ಲ. ನನಗೆ ಮೈ ಉರಿಯುವುದೇ ಅದಕ್ಕೆ. ಸೋಮವಾರ ಮೀನು ಮುಟ್ಟದವರು, ಶ್ರಾವಣ ಹಿಡಿದವರು ಬಂದರೆ ಬೇರೆ ಕಾವಲಿ, ಬೇರೆ ಸೌಟು ಎಲ್ಲವೂ ಹೊರಗೆ ಬರುತ್ತವೆ. ಬರಲಿ, ಬರಲೇಬೇಕು. ಆದರೆ ನಾನು ಕೇಳಿದರೆ ಮಾತ್ರ ಅದು ನಖರಾ!

ಕಾನೂನು ಇಲ್ವಾ ಅಂದರೆ, ಇದೆ. ಬಿಸ್ಕಿಟ್ ಪ್ಯಾಕೆಟ್ಟಿನ ಮೇಲೆ ಗೋಧಿ, ಹಾಲು, ಸೋಯಾ ಇದೆ ಅಂತ ಬರೆಯಲೇಬೇಕು. 2020ರ ಲೇಬಲ್ ನಿಯಮ ಹೋಟೆಲುಗಳಿಗೂ ಇಂಥದ್ದೇ ಮಾಹಿತಿ ಕೊಡಿ ಅನ್ನುತ್ತದೆ. ಆದರೆ ಕೇಂದ್ರದ ಲೈಸೆನ್ಸ್ ಇರುವವರಿಗೆ, ಇಲ್ಲವೇ 10 ಅಥವಾ ಅದಕ್ಕಿಂತ ಜಾಸ್ತಿ ಕಡೆ ಅಂಗಡಿ ಇಟ್ಟವರಿಗೆ. ನಮ್ಮೂರ ಮೀನೂಟದ ಹೋಟೆಲು ಯಾವ ಲೆಕ್ಕಕ್ಕೆ?

ಕೊನೆಗೆ ಮೊನ್ನೆ ಅಂಕೋಲಾದಲ್ಲಿ ಸುಳ್ಳೇ ಹೇಳಿದೆ. "ಕಾಶಿಗೆ ಹೋದಾಗ ಶೆಟ್ಲಿ ಬಿಟ್ಟು ಬಂದಿದ್ದೇನೆ, ಒಂಚೂರೂ ಸೋಕಬಾರದು." ಮಾಣಿ ಓಡಿದ. ಹೊಸ ರವೆ, ತೊಳೆದ ಕಾವಲಿ, ಬೇರೆ ಎಣ್ಣೆ. ಅಡುಗೆಯವರು ಹೊರಗೆ ಬಂದು, "ಮೊದಲೇ ಹೇಳಬಾರದಾ ಅಕ್ಕಾ, ಪಾಪ ನಮಗೆ ಸುತ್ತಿಕೊಳ್ಳುತ್ತಿತ್ತು" ಅಂದರು.