ಸ್ಮಾರಕದ ಕಲ್ಲಿಗೆ ಪೇಂಟ್ ಬಳಿಯಬೇಡಿ, ದಯವಿಟ್ಟು

ಬೆಳಿಗ್ಗೆ ಒಂದು ಯುದ್ಧ ಸ್ಮಾರಕದ ಮರುಸಮರ್ಪಣೆ ನೋಡಿಕೊಂಡು ಬಂದೆ. ಯಾವುದು ಅಂತ ಹೇಳುವುದಿಲ್ಲ, ದುಡಿದವರ ಮನಸ್ಸು ಒಳ್ಳೆಯದೇ. 'ಶೋಕ ಶಸ್ತ್ರ' ಅಂದಾಗ ಬಂದೂಕುಗಳ ಮೂತಿ ಒಟ್ಟಿಗೇ ಕೆಳಗಿಳಿಯಿತು, ಬ್ಯೂಗಲ್ಲಿನಲ್ಲಿ ಲಾಸ್ಟ್ ಪೋಸ್ಟ್, ಸತ್ತ ಸೈನಿಕರಿಗೆ ನುಡಿಸುವ ವಿದಾಯದ ರಾಗ, ಬಂತು. ಗಂಟಲು ಕಟ್ಟಿತು. ಆಮೇಲೆ ಹತ್ತಿರ ಹೋಗಿ ಹೆಸರು ಓದಿದರೆ ಹೊಟ್ಟೆ ಉರಿಯಿತು. ಗ್ರಾನೈಟಿಗೆ ಪೂರ್ತಿ ಆಯಿಲ್ ಪೇಂಟ್, ಅಕ್ಷರಕ್ಕೆ ಚಿನ್ನದ ಬಣ್ಣ!

ಪೇಂಟರಿನ ಕುಂಚ ಉಳಿಯ ಗೆರೆ ಹಿಡಿದಿಲ್ಲ, ಸವೆದು ಉಳಿದದ್ದನ್ನಷ್ಟೇ ತುಂಬಿದೆ. ಇಂಗ್ಲಿಷಿನ 'ಇ' ಕೆಳಗೀಟು ಕಳೆದುಕೊಂಡು 'ಎಫ್' ಆಗಿದೆ, 'ಸಿ' ಬಾಯಿ ಮುಚ್ಚಿ 'ಓ' ಆಗಿದೆ. ಸತ್ತವನ ಹೆಸರೇ ಬದಲಾಯಿತು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆಯವರು, ಜೋಧಪುರದವರ ಜೊತೆ ಕುದುರೆ ಓಡಿಸಿ ಫಿರಂಗಿಗಳ ಮೇಲೆ ಬಿದ್ದರು. ಅಂಥ ಕಾಳಗಗಳಲ್ಲಿ ಹೋದ ಎಷ್ಟೋ ಜನರ ಗುರುತು ಊರಲ್ಲಿ ಉಳಿದಿರುವುದು ಕಲ್ಲಿನ ಒಂದೇ ಸಾಲಿನಲ್ಲಿ.

'ಬಣ್ಣ ಇಲ್ಲದಿದ್ದರೆ ಯಾರು ಓದುತ್ತಾರೆ?' ಅಂದರು ಅಲ್ಲಿದ್ದವರು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ತಾಗುವ ಹಾಗೆ ಪಕ್ಕದಿಂದ ಹಿಡಿಯಿರಿ, ಸವೆದ ಅಕ್ಷರವೂ ನೆರಳಲ್ಲಿ ಎದ್ದು ನಿಲ್ಲುತ್ತದೆ. ಬೇಗೂರಿನ ವೀರಗಲ್ಲನ್ನು ನೆನಪಿಸಿಕೊಳ್ಳಿ. ಸುಮಾರು ಕ್ರಿ.ಶ. 900ರ ಕಲ್ಲು, ಅದರಲ್ಲಿ 'ಬೆಂಗಳೂರು ಕಾಳಗ' ಅಂತ ಓದಲು ಸಿಕ್ಕಿದ್ದರಿಂದ ತಾನೇ ಬೆಂಗಳೂರಿನ ಹೆಸರು ಅಷ್ಟು ಹಳೆಯದು ಅಂತ ಗೊತ್ತಾಗಿದ್ದು? ಅದಕ್ಕೂ ಯಾರಾದರೂ ಎನಾಮಲ್ ಪೇಂಟ್ ತುಂಬಿದ್ದರೆ?

ಪೇಂಟ್ ಕಲ್ಲನ್ನು ಕಾಯುವುದೂ ಇಲ್ಲ. ನೀರು ಸಂದಿಯಿಂದ, ಬುಡದಿಂದ ಒಳಗೆ ಹೋಗುತ್ತದೆ, ಪೇಂಟ್ ಅದನ್ನು ಆರಲು ಬಿಡುವುದಿಲ್ಲ. ನೀರಿನ ಜೊತೆ ಬಂದ ಉಪ್ಪು ಒಳಗೇ ಹರಳುಗಟ್ಟಿ ಚಕ್ಕೆ ಏಳುತ್ತದೆ, ಅಕ್ಷರದ ಅಂಚೂ ಅದರ ಜೊತೆ ಹೋಗುತ್ತದೆ. ಇಲ್ಲಿ ಸಂದಿಗೂ ಸಿಮೆಂಟ್ ಮೆತ್ತಿದ್ದಾರೆ, ಅದರ ಉಪ್ಪು ಬೇರೆ. ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ ಸಾಕಿತ್ತು.

ಮೊದಲು ಪ್ರತಿ ಹೆಸರಿನ ಫೋಟೋ ತೆಗೆದು ರೆಜಿಮೆಂಟಿನ ಪಟ್ಟಿಯ ಜೊತೆ ತಾಳೆ ನೋಡಬೇಕು. ತೊಳೆಯಲು ನೈಲಾನ್ ಬ್ರಷ್, ನೀರು, ಬೇಕಿದ್ದರೆ ಕ್ಷಾರವಿಲ್ಲದ ಸೋಪು. ಕೆಳಗಿನಿಂದ ಮೇಲಕ್ಕೆ ಉಜ್ಜಬೇಕು, ಇಲ್ಲದಿದ್ದರೆ ಕೊಳೆನೀರು ಒಣಕಲ್ಲಿನ ಮೇಲೆ ಇಳಿದು ಪಟ್ಟೆ ಬೀಳುತ್ತದೆ. ಪಾಚಿಗೆ ಬಿದಿರಿನ ಚೂರು. ತಂತಿ ಬ್ರಷ್ ಬೇಡವೇ ಬೇಡ, ಕಬ್ಬಿಣದ ಎಳೆ ಸಿಕ್ಕಿಕೊಂಡು ತುಕ್ಕು ಹಿಡಿಯುತ್ತದೆ. ಆಸಿಡ್ ಹಾಕಿದರೆ ಕಲ್ಲಿನೊಳಗಿನ ಕಬ್ಬಿಣ ಹಳದಿ ಕಲೆಯಾಗಿ ಮೇಲೆ ಬರುತ್ತದೆ. ಮರಳನ್ನು ರಭಸದಿಂದ ಊದಿ ಉಜ್ಜುವ ಸ್ಯಾಂಡ್‌ಬ್ಲಾಸ್ಟಿಂಗಿಗೆ ಒಪ್ಪಲೇಬೇಡಿ, ಎರಡು ಮೂರು ಮಿಲಿಮೀಟರ್ ಆಳದ ಅಕ್ಷರ ಅದಕ್ಕೆ ತಡೆಯುವುದಿಲ್ಲ.

ಈಗ ಬಳಿದ ಪೇಂಟನ್ನು ಕೆರೆಯಲು ಹೋಗಬೇಡಿ. ಪೇಂಟ್ ಬಿಡಿಸುವ ಸ್ಟ್ರಿಪ್ಪರನ್ನು ಕಾಗದದ ತಿರುಳಿಗೆ ಸೇರಿಸಿ ಮೆತ್ತಿ, ಪ್ಲಾಸ್ಟಿಕ್ ಮುಚ್ಚಿ ನೆನೆಯಲು ಬಿಟ್ಟರೆ ಮೆತ್ತಗಾಗಿ ಏಳುತ್ತದೆ. ಮೂಲೆಯಲ್ಲಿ ಒಂದು ಅಂಗೈಯಗಲ ಮೊದಲು ಮಾಡಿ ನೋಡಿ. ಮತ್ತೆ, ಪುಷ್ಪಚಕ್ರಗಳನ್ನು ಇವತ್ತು ಸಂಜೆಯೇ ತೆಗೆಯಿರಿ. ಅವುಗಳ ತಂತಿ ಒದ್ದೆಯಾಗಿ ಪೀಠಕ್ಕೆ ಒರಗಿಕೊಂಡೇ ಇತ್ತು.